ಸ್ಪಷ್ಟನೆ: ಸಾಂತಾಕ್ಲಾಸ್ ಕೋಕಾ-ಕೋಲಾ ಸೃಷ್ಟಿಯಲ್ಲ

ಡಿಸೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಈ ಸಂದೇಶ ಹರಿದಾಡುತ್ತದೆ: 'ಸಾಂತಾಕ್ಲಾಸ್ ಎಂಬುವನೇ ಇರಲಿಲ್ಲ, 1931ರಲ್ಲಿ ಕೋಕಾ-ಕೋಲಾ ಕಂಪನಿ ಜಾಹೀರಾತಿಗಾಗಿ ಹುಟ್ಟುಹಾಕಿದ್ದು.'

ಆ ವರ್ಷ ಹ್ಯಾಡನ್ ಸಂಡ್‌ಬ್ಲಾಮ್ ಕಂಪನಿಗಾಗಿ ಸಾಂತಾನ ಚಿತ್ರ ಬರೆದದ್ದು ನಿಜ. ಸರಿಯಿರುವುದು ಅಷ್ಟೇ. ಬಿಳಿಗಡ್ಡ, ಡೊಳ್ಳುಹೊಟ್ಟೆ, ಕೈತುಂಬ ಆಟಿಕೆಗಳ ಸಾಂತಾನನ್ನು ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ 1881ರಲ್ಲೇ ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಬರೆದಿದ್ದರು. ಕೆಂಪು ಅಂಗಿಯೂ ಜಾಹೀರಾತಿಗಿಂತ ಹಳೆಯದು.

ಇನ್ನು ಮೂಲಪುರುಷನ ಮಾತು. ಆತ ಸಂತ ನಿಕೋಲಾಸ್, ನಾಲ್ಕನೇ ಶತಮಾನದಲ್ಲಿ ಮೈರಾ ಪಟ್ಟಣದ ಬಿಷಪ್. ಹಿಮದ ನಾಡಲ್ಲ ಅದು. ಮೆಡಿಟರೇನಿಯನ್ ಕರಾವಳಿಯ ಊರು, ಇಂದಿನ ಟರ್ಕಿಯ ದೆಮ್ರೆ. ವರದಕ್ಷಿಣೆಗೆ ಗತಿಯಿಲ್ಲದ ಬಡವನೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ಆತ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಿದ್ದನಂತೆ. ಮೂರನೇ ಸಲ ಹೊಂಚುಹಾಕಿದ್ದ ತಂದೆ ಹಿಡಿದೇಬಿಟ್ಟನಂತೆ. (ವರದಕ್ಷಿಣೆ ನಮಗೆ ಬಿಡಿಸಿ ಹೇಳಬೇಕಾಗದ ಸಂಕಟ!) ಈ 'ಅಂತೆ' ಮುಖ್ಯ: ಕಥೆ ಬರಹಕ್ಕಿಳಿದದ್ದು ಶತಮಾನಗಳ ಮೇಲೆ. ಹಾಗಾಗಿ ಇದು ಐತಿಹ್ಯ, ದಾಖಲೆಯಲ್ಲ.

1087ರಲ್ಲಿ ಇಟಲಿಯ ನಾವಿಕರು ಆತನ ಅಸ್ಥಿಗಳನ್ನು ಬಾರಿ ನಗರಕ್ಕೆ ಒಯ್ದರು. ಆತನ ಹಬ್ಬ ಡಿಸೆಂಬರ್ 6. ಡಚ್ಚರು ಆತನನ್ನು 'ಸಿಂಟರ್‌ಕ್ಲಾಸ್' ಎಂದರು. ಅಮೆರಿಕದಲ್ಲಿ ಅದೇ ಹೆಸರು ಸಾಂತಾಕ್ಲಾಸ್ ಆಯಿತು.