ಸತ್ಯಾಂಶ: ಗ್ರೈಂಡರ್‌ಗೆ ನೀರು ಸುರಿದರೆ ವೆಟ್ ಸಾ ಆಗುತ್ತಾ?

"ಟೈಲ್ ಕತ್ತರಿಸೋಕೆ ವೆಟ್ ಸಾ ಕೊಳ್ಳೋದು ದಂಡ. ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿ, ಪಕ್ಕದಲ್ಲಿ ಒಬ್ಬರು ಬಾಟಲಿಯಿಂದ ನೀರು ಸುರಿದರೆ ಸಾಕು." ಹೀಗೊಂದು ಫಾರ್ವರ್ಡ್ ಓಡಾಡುತ್ತಿದೆ. ವೆಟ್ ಸಾ ಅಂದರೆ ಬ್ಲೇಡಿಗೆ ನೀರು ಹಾಯಿಸುತ್ತಾ ಟೈಲ್ ಕತ್ತರಿಸುವ ಯಂತ್ರ. ಗ್ರೈಂಡರ್ ಅಂದರೆ ಇಲ್ಲಿ ಅಡುಗೆಮನೆಯದ್ದಲ್ಲ, ಕೈಯಲ್ಲಿ ಹಿಡಿದು ಕತ್ತರಿಸುವ ಆಂಗಲ್ ಗ್ರೈಂಡರ್. ಟೈಲ್ ತುಂಡಾಗುತ್ತದೆ, ಸುಳ್ಳಲ್ಲ. ತೊಂದರೆ ಇರುವುದು ಮೋಟಾರಿನಲ್ಲಿ.

ಗ್ರೈಂಡರ್ ಮೈಮೇಲಿನ ಸೀಳುಗಳನ್ನು ನೋಡಿ. ಒಳಗಿನ ಫ್ಯಾನ್ ಅಲ್ಲಿಂದ ಗಾಳಿ ಎಳೆದು ಮೋಟಾರನ್ನು ತಣ್ಣಗಿಡುತ್ತದೆ. ಬ್ಲೇಡ್ ಚಿಮ್ಮಿಸುವ ಹನಿಗಳೂ ಆ ಗಾಳಿಯ ಜೊತೆ ಒಳಗೆ ಹೋಗಬಹುದು. ಕೈ ಒದ್ದೆ, ನೆಲ ಒದ್ದೆ, ಒಳಗೆ ಕರೆಂಟು. ಶಾಕ್ ಹೊಡೆಯಲು ಇನ್ನೇನು ಬೇಕು?

ಕೈಯಲ್ಲಿ ಹಿಡಿಯುವ ವೆಟ್ ಸಾದಲ್ಲಿ ನೀರು ಸಣ್ಣ ಪೈಪಿನಿಂದ ನೇರ ಬ್ಲೇಡಿಗೆ ಹೋಗುತ್ತದೆ. ಕರೆಂಟು ಸೋರಿದರೆ ತಕ್ಷಣ ಕಟ್ ಮಾಡುವ ಸಾಧನ ಹಲವು ಮಾದರಿಗಳ ವೈರಿನಲ್ಲೇ ಇರುತ್ತದೆ. ಇಲ್ಲವಾದರೆ 30 ಮಿಲಿಆಂಪಿಯರ್ ಅಥವಾ ಅದಕ್ಕೂ ಕಡಿಮೆಯ ಆರ್‌ಸಿಡಿ (ಸೋರಿಕೆ ಕಂಡರೆ ಕರೆಂಟು ಕಟ್ ಮಾಡುವ ಅಂಥದ್ದೇ ಸಾಧನ) ಇರುವ ಸಾಕೆಟ್‌ಗೆ ಮಾತ್ರ ಹಾಕಿ. ವೈರ್ ಸಾಕೆಟ್‌ಗಿಂತ ಕೆಳಗೆ ಜೋತುಬೀಳುವಂತಿರಲಿ. ಆಗ ವೈರಿನಲ್ಲಿ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ.

ಹಾಗಂತ ನೀರೇ ಬೇಡ ಅಂತಲ್ಲ. ಅದು ಬ್ಲೇಡ್ ತಂಪಾಗಿಸಲು ಮಾತ್ರ ಎನ್ನುವುದೂ ಅರ್ಧ ಸತ್ಯವೇ. ಟೈಲ್ ಧೂಳಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಇರುತ್ತದೆ. ಉಸಿರಿಗೆ ಸಿಗುವ ಸಿಲಿಕಾ ಧೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ನೀರು ಅದರಲ್ಲಿ ಬಹುಪಾಲನ್ನು ಹಿಡಿದಿಡುತ್ತದೆ, ಪೂರ್ತಿ ಅಲ್ಲ. ಕರವಸ್ತ್ರ ಕಟ್ಟಿಕೊಂಡರೆ ಆಗಲ್ಲ, ಎನ್95 ಮಾಸ್ಕ್ ಹಾಕಿ. ಕೆಲಸ ಮುಗಿದ ಮೇಲೆ ಆ ಕೆಸರನ್ನು ಒಣಗಲು ಬಿಟ್ಟು ಗುಡಿಸಬೇಡಿ, ಹಸಿಯಿದ್ದಾಗಲೇ ಒರೆಸಿ ತೆಗೆಯಿರಿ.