ಹತ್ತನೇ ತರಗತಿ ‘ಬಿ’ ವಿಭಾಗದ ಜಾತಕ

ಶಿವರಾತ್ರಿಯ ಆಸುಪಾಸಿನಲ್ಲಿ ತುಮಕೂರಿನ ಶಾಮಿಯಾನದವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅತ್ತ ಸಿದ್ಧಗಂಗೆಯ ಜಾತ್ರೆ, ಇತ್ತ ಮದುವೆಗಳು, ನಡುವೆ ಪ್ರೌಢಶಾಲೆಗಳ ಬೀಳ್ಕೊಡುಗೆ ಸಮಾರಂಭ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ಮಕ್ಕಳನ್ನು ಸಾಲಾಗಿ ಕೂರಿಸಿ ಅವರ ಭವಿಷ್ಯವನ್ನು ಮೈಕಿನಲ್ಲಿ ಸಾರಿಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸಾರುವವರು ಮುಖ್ಯ ಅತಿಥಿಗಳು. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಕೈಗೆ ಕೊಟ್ಟ ಮೇಲೆ ಅವರೂ ಏನಾದರೂ ಕೊಡಲೇಬೇಕಲ್ಲ! ‘ನಿಮ್ಮೊಳಗೇ ಒಬ್ಬ ವಿಶ್ವೇಶ್ವರಯ್ಯ ಇದ್ದಾನೆ, ಒಬ್ಬ ಅಬ್ದುಲ್ ಕಲಾಂ ಇದ್ದಾನೆ’ ಎನ್ನುತ್ತಾರೆ. ಇರಬಹುದೇ ಎಂದು ಮಕ್ಕಳು ಅಕ್ಕಪಕ್ಕದವರ ಮುಖ ನೋಡುತ್ತಾರೆ. ಪೇಟದ ಅಂಚಿನಿಂದ ಬೆವರು ಇಳಿಯುವ ಹೊತ್ತಿಗೆ ಭಾಷಣ ಡಾಕ್ಟರು, ಎಂಜಿನಿಯರುಗಳನ್ನು ದಾಟಿ ಐಎಎಸ್ ತಲುಪಿರುತ್ತದೆ.

ಈ ಭವಿಷ್ಯವಾಣಿಗಳೆಲ್ಲ ಫಲಿಸಿದ್ದರೆ ಇಷ್ಟು ಹೊತ್ತಿಗೆ ಜಿಲ್ಲೆಯ ಹತ್ತೂ ತಾಲ್ಲೂಕುಗಳಲ್ಲಿ ಮನೆಗೊಬ್ಬ ಜಿಲ್ಲಾಧಿಕಾರಿ ಇರಬೇಕಾಗಿತ್ತು. ಎಲ್ಲರೂ ಸಹಿ ಹಾಕುವವರೇ. ಕಡತ ಹೊತ್ತು ತರುವವನೊಬ್ಬ ಬೇಕೆಂದರೆ ಚಿತ್ರದುರ್ಗಕ್ಕೆ ಹೇಳಿಕಳುಹಿಸಬೇಕಾಗುತ್ತಿತ್ತು.

ನನ್ನನ್ನು ಯಾರೂ ಮುಖ್ಯ ಅತಿಥಿಯಾಗಿ ಕರೆದಿಲ್ಲ, ಕರೆಯುವ ಲಕ್ಷಣವೂ ಕಾಣುತ್ತಿಲ್ಲ. ಆದರೆ ನಮ್ಮ ಮನೆಯ ಮಹಡಿಗೆ ಒಂದು ಪ್ರೌಢಶಾಲೆಯ ಹತ್ತನೇ ‘ಬಿ’ ವಿಭಾಗದ ಕಿಟಕಿ ನೇರವಾಗಿ ಕಾಣುತ್ತದೆ. ಬಟ್ಟೆ ಒಣಹಾಕುವ ನೆಪದಲ್ಲಿ ಈ ಮಕ್ಕಳನ್ನು ವರ್ಷವಿಡೀ ನೋಡಿದ್ದೇನೆ. ಗ್ರಹಗತಿ ಗುಣಿಸಲು ಪಂಚಾಂಗ ಬೇಕಿಲ್ಲ, ಈ ಜಿಲ್ಲೆ ನಡೆಯುವ ಬಗೆ ತಿಳಿದಿದ್ದರೆ ಸಾಕು.

ಮೊದಲು ತರಗತಿಯ ನಾಯಕ. ಮೇಷ್ಟ್ರು ಹೊರಗೆ ಕಾಲಿಟ್ಟೊಡನೆ ಸೀಮೆಸುಣ್ಣ ಹಿಡಿದು ಹಲಗೆಯ ಮೂಲೆಯಲ್ಲಿ ಮಾತನಾಡಿದವರ ಹೆಸರು ಬರೆಯುವ ಅಧಿಕಾರ ಇವನದು. ಬರೆದ ಹೆಸರು ಅಳಿಸಲು ಒಂದು ಕಡಲೆಮಿಠಾಯಿ. ಹೆಸರಿನ ಮುಂದೆ ಗುಣಾಕಾರದ ಚಿಹ್ನೆ ಬಿದ್ದಿದ್ದರೆ ಎರಡು. ಮೀಸೆ ಮೂಡುವ ಮೊದಲೇ ಆಡಳಿತದ ಒಳಗುಟ್ಟು ತಿಳಿದ ಈ ಹುಡುಗ ಇಪ್ಪತ್ತು ತುಂಬುವುದರೊಳಗೆ ‘ಯುವ ಮುಖಂಡ’ನಾಗುತ್ತಾನೆ. ಅದಕ್ಕೆ ಚುನಾವಣೆ ಗೆಲ್ಲಬೇಕಿಲ್ಲ, ಫ್ಲೆಕ್ಸಿನಲ್ಲಿ ಇದ್ದರೆ ಆಯಿತು. ನಂಬಿಕೆ ಬಾರದಿದ್ದರೆ ಬಿ.ಎಚ್. ರಸ್ತೆಯಲ್ಲಿ ನಿಂತು ಯಾವುದಾದರೂ ಹುಟ್ಟುಹಬ್ಬದ ಫ್ಲೆಕ್ಸನ್ನು ನಿಧಾನವಾಗಿ ಓದಿ. ಮೇಲೆ ಬಡವರ ಬಂಧು ಕೈಮುಗಿದು ನಿಂತಿರುತ್ತಾರೆ. ನಡುವೆ ಮೂರು ಅಂತಸ್ತಿನ ಕೇಕು. ಕೆಳಗೆ ಅಂಚೆಚೀಟಿಯ ಅಳತೆಯ ಚೌಕಗಳಲ್ಲಿ ಶುಭ ಕೋರುವವರು. ಒಬ್ಬ ಕಪ್ಪು ಕನ್ನಡಕ ಹಾಕಿದ್ದಾನೆ. ಇನ್ನೊಬ್ಬ ಮೊಬೈಲನ್ನು ಕಿವಿಗೆ ಒತ್ತಿಕೊಂಡಿದ್ದಾನೆ, ಹೋದ ವರ್ಷದ ಫ್ಲೆಕ್ಸಿನಲ್ಲಿ ಆರಂಭಿಸಿದ ಕರೆ ಇನ್ನೂ ಮುಗಿದಿಲ್ಲ. ಮತ್ತೊಬ್ಬ ಆತುರದಲ್ಲಿ ಆಧಾರ್ ಕಾರ್ಡಿನ ಚಿತ್ರವನ್ನೇ ಕೊಟ್ಟಿದ್ದಾನೆ, ಕೋರುವ ಮುಖದಲ್ಲಿ ಶುಭದ ಸುಳಿವೇ ಇಲ್ಲ. ನಮ್ಮ ನಾಯಕ ಕೆಳಸಾಲಿನ ಎಡತುದಿಯಿಂದ ಹೊರಟು, ಬಣ ಬದಲಾದಾಗಲೆಲ್ಲ ಒಂದೊಂದು ಚೌಕ ಬಲಕ್ಕೆ ಸರಿಯುತ್ತ, ನಲವತ್ತರ ಹೊತ್ತಿಗೆ ಕೇಕಿನ ಪಕ್ಕಕ್ಕೆ ಬರುತ್ತಾನೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್ ನಿಷೇಧಿಸಿದೆಯಲ್ಲ ಎಂದು ಯಾರಾದರೂ ನೆನಪಿಸಿದರೆ, ನಿಷೇಧವನ್ನು ಸ್ವಾಗತಿಸಿ ನಾಲ್ಕು ವೃತ್ತಗಳಲ್ಲಿ ಫ್ಲೆಕ್ಸ್ ಕಟ್ಟಿಸುತ್ತಾನೆ.

ಅದನ್ನು ಮುದ್ರಿಸಿಕೊಡುವವನು ಇದೇ ತರಗತಿಯ, ಎಲ್ಲರ ನೋಟ್‌ಬುಕ್ಕಿನ ಮೇಲೆ ಹೂಬಳ್ಳಿ ಬಿಡಿಸಿ ಹೆಸರು ಬರೆದುಕೊಡುವ ಹುಡುಗ. ಮೂವತ್ತರೊಳಗೆ ಸ್ವಂತ ಮನೆ ಕಟ್ಟಿಸುವವನು ಇವನೊಬ್ಬನೇ. ಬಾಕಿ ಮಾತ್ರ ವಸೂಲಾಗುವುದಿಲ್ಲ.

ಮೂರನೆಯ ಬೆಂಚಿನ ಗೋಡೆಬದಿಗೆ ಕೂರುವವನ ಮೇಲೆ ನನಗೆ ವಿಶೇಷ ಭರವಸೆ. ಕೈವಾರದ ಮುಳ್ಳಿನಿಂದ ಬೆಂಚು ಕೆತ್ತುವುದೇ ಅವನ ಕಸುಬು. ಒಂದು ವಾರ ತನ್ನ ಹೆಸರು ಕೆತ್ತುತ್ತಾನೆ. ಮರುವಾರ ಅದಕ್ಕೆ ಮೇಣ ತುಂಬಿ, ಉಜ್ಜಿ, ಸಮ ಮಾಡಿ, ಅದೇ ಜಾಗದಲ್ಲಿ ಮೆಚ್ಚಿನ ನಟನ ಹೆಸರು ಕೆತ್ತುತ್ತಾನೆ. ಪಕ್ಕದಲ್ಲಿ ಖಾಲಿ ಜಾಗವಿದ್ದರೂ ಅದನ್ನು ಮುಟ್ಟುವುದಿಲ್ಲ. ಶಿಕ್ಷಕರ ಕಣ್ಣಿಗೆ ಇವನು ಕಿಡಿಗೇಡಿ. ನನ್ನ ಕಣ್ಣಿಗೆ ಮೊದಲ ದರ್ಜೆಯ ಗುತ್ತಿಗೆದಾರ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದಾಗ ಇವನು ಆಗತಾನೆ ಅಕ್ಷರ ತಿದ್ದುತ್ತಿದ್ದ. ಅಂದಿನಿಂದ ಶಾಲೆಗೆ ನಡೆದ ದಾರಿಯೇ ಇವನ ಪಠ್ಯಪುಸ್ತಕ. ಒಳಚರಂಡಿಗೆ ಅಗೆದದ್ದನ್ನು ಮುಚ್ಚಿದ ಮೇಲೆ ನೀರಿನ ಕೊಳವೆ, ಅದು ಮುಚ್ಚಿದ ಮೇಲೆ ವಿದ್ಯುತ್ ಕೇಬಲ್, ಅದರ ಮೇಲೆ ಡಾಂಬರು ಹಾಕಿ ಆರುವ ಮುನ್ನ ಅಡುಗೆ ಅನಿಲದ ಪೈಪು. ಎಲ್ಲವನ್ನೂ ಒಂದೇ ಸಲ ಹೂಳಿದರೆ ಒಂದೇ ಬಿಲ್ಲು ಆಗುತ್ತದೆ ಎಂಬ ಸೂಕ್ಷ್ಮವನ್ನು ಯಾವ ವಾಣಿಜ್ಯ ಉಪನ್ಯಾಸಕರೂ ಇವನಿಗೆ ಹೇಳಿಕೊಡಬೇಕಿಲ್ಲ. ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿದಿದೆ. ಗುಂಡಿಗಳ ಅವಧಿಗೆ ಅಂಥ ಗಡುವೇನೂ ಇಲ್ಲವಾದ್ದರಿಂದ ಇವನ ಭವಿಷ್ಯ ಭದ್ರ. 2045ರ ಹೊತ್ತಿಗೆ ಅಶೋಕ ರಸ್ತೆಯಲ್ಲಿ ಗುಂಡಿಗೆ ಇಳಿದು, ಡಾಂಬರಿನ ಪದರಗಳನ್ನು ಬೆರಳಿನಿಂದ ಎಣಿಸಿ, ಇದು ಯಾವ ಆಯುಕ್ತರ ಕಾಲದ್ದು ಎಂದು ಹೇಳಬಲ್ಲ ಏಕೈಕ ವಿದ್ವಾಂಸ ಇವನೇ ಆಗಿರುತ್ತಾನೆ.

ಮೊದಲ ಬೆಂಚಿನ ಹುಡುಗಿಗೆ 625ಕ್ಕೆ 619 ಬರುತ್ತದೆ. ಫಲಿತಾಂಶದ ದಿನ ಮನೆಗೆ ಬಂದ ನೆಂಟರೆಲ್ಲ ಸಿಹಿ ತಿಂದು, ಕೈ ತೊಳೆದುಕೊಂಡು, ‘ಆ ಆರು ಎಲ್ಲಿ ಹೋಯಿತಮ್ಮ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಅವಳನ್ನು ಜೀವಮಾನವಿಡೀ ಹಿಂಬಾಲಿಸುತ್ತದೆ. ಮದುವೆಯ ಮಂಟಪದಲ್ಲಿ ಅಕ್ಷತೆ ಹಾಕಲು ಬಂದ ದೊಡ್ಡಪ್ಪನೂ ಕೇಳುತ್ತಾನೆ. ಪದವಿಪೂರ್ವ ಕಾಲೇಜುಗಳು ಅವಳ ಭಾವಚಿತ್ರಕ್ಕೆ ಮುಗಿಬೀಳುತ್ತವೆ. ಒಂದರಲ್ಲಿ ಓದಿ, ಮೂರರ ಜಾಹೀರಾತಿನಲ್ಲಿ ನಗುತ್ತಾಳೆ. ಮುಂದೆ ಎಂಜಿನಿಯರಿಂಗ್, ಆಮೇಲೆ ಬೆಂಗಳೂರು. ಬೆಂಗಳೂರಿಗೂ ತುಮಕೂರಿಗೂ ಸುಮಾರು ಎಪ್ಪತ್ತು ಕಿಲೋಮೀಟರ್. ಎಪ್ಪತ್ತೇ ಅಲ್ಲವೇ, ಮನೆಯಿಂದಲೇ ಓಡಾಡಬಹುದು ಎಂದು ಅಪ್ಪ ತೀರ್ಮಾನಿಸುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಕೃಪೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಶೂನ್ಯ, ಸೀಟೂ ಶೂನ್ಯ. ಮೆಟ್ರೊ ಬರುತ್ತದಲ್ಲ ಎನ್ನಬೇಡಿ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದು ನಿಂತಿದೆ. ಅಲ್ಲಿಂದ ತುಮಕೂರಿಗೆ ಇಲ್ಲಿಯವರೆಗೆ ಓಡಿರುವುದು ವರದಿಗಳು ಮಾತ್ರ. ಆದರೆ ಮೆಟ್ರೊ ಬರಲಿದೆ ಎಂದು ನಿವೇಶನ ಮಾರುವವರು ಈಗಾಗಲೇ ನಾಲ್ಕು ನಿಲ್ದಾಣಗಳನ್ನು ಮನಸ್ಸಿನಲ್ಲೇ ಕಟ್ಟಿದ್ದಾರೆ. ಅವಳು ಮೊದಲ ರೈಲು ಹತ್ತುವುದು ನಿವೃತ್ತಿಯ ಮರುದಿನ. ಜೊತೆಗೆ ಮೊಮ್ಮಗಳಿರುತ್ತಾಳೆ, ಅವಳಿಗೆ 621 ಬಂದಿರುತ್ತದೆ.

ಪಾಠದ ನಡುವೆ ಕಾಗದದ ವಿಮಾನ ಹಾರಿಸುವವನು ಗುಬ್ಬಿ ಕಡೆಯ ಹುಡುಗ. ಅವನ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ. ನಡುವಿನ ಏಳು ವರ್ಷಗಳಲ್ಲಿ ಸೋದರಮಾವಂದಿರು ಇವನನ್ನು ಪೈಲಟ್ ಮಾಡಿ ಮುಗಿಸಿದ್ದಾರೆ. ನನ್ನ ಲೆಕ್ಕ ಬೇರೆ. ಇವನು ಕಾರ್ಖಾನೆಯ ಎದುರಿಗೆ ತಟ್ಟೆ ಇಡ್ಲಿ ಹೋಟೆಲ್ ಇಡುತ್ತಾನೆ. ಗೋಡೆಯ ಮೇಲೆ ರೆಕ್ಕೆ ತಿರುಗುವ ಹೆಲಿಕಾಪ್ಟರ್, ಒಳಗೆ ಬೆಣ್ಣೆ ಹಾಕಿದ ಇಡ್ಲಿ, ಕೆಂಪು ಚಟ್ನಿ. ಹಾರುವ ಯಂತ್ರ ಮಾಡುವ ಎಂಜಿನಿಯರುಗಳು ಬೆಳಿಗ್ಗೆ ಅಲ್ಲಿ ಸಾಲಾಗಿ ನಿಂತು, ಗೃಹಸಾಲದ ಕಂತಿನ ಚಿಂತೆಯಲ್ಲಿ ತಿನ್ನುತ್ತಾರೆ. ತಿಂಗಳ ಕೊನೆಯಲ್ಲಿ ಅವರಿಗೆ ಕೈಸಾಲ ಕೊಡುವವನೂ ಇವನೇ.

ಹಾಸ್ಟೆಲಿನ ಪಾವಗಡದ ಹುಡುಗನದು ಇನ್ನೂ ಸುಲಭದ ಜಾತಕ. ಶೇಂಗಾ ಬೆಳೆದು ಸೋತ ಅವನ ಅಪ್ಪ ಹೊಲವನ್ನು ಸೌರ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಕಷ್ಟಪಟ್ಟರೆ ಮಾತ್ರ ಫಲ ಎಂದು ಅತಿಥಿಗಳು ಹೇಳುವಾಗ ಈ ಹುಡುಗ ಹೊರಗಿನ ಬಿಸಿಲು ನೋಡಿ ಮುಗುಳ್ನಗುತ್ತಾನೆ. ಹೆಣ್ಣು ಕೇಳಲು ಹೋದಲ್ಲಿ ಮಾತ್ರ ತೊಡಕು. ಹುಡುಗ ಏನು ಮಾಡುತ್ತಾನೆ ಎಂದರೆ ಸೂರ್ಯನ ಕಡೆ ಕೈ ತೋರಿಸಬೇಕು.

ಇನ್ನು ಹಿಂದಿನ ಬೆಂಚಿನ ಮಹಾಶಯ. ಇವನ ಬಗ್ಗೆ ಎಲ್ಲರೂ ಕೈಚೆಲ್ಲಿದ್ದಾರೆ, ಇಲಾಖೆಯೊಂದನ್ನು ಬಿಟ್ಟು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ನಕಲು ನಿಂತು, ಫಲಿತಾಂಶ ನೆಲಕಚ್ಚುವ ಸೂಚನೆ ಕಂಡಾಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ ಹೇಗೋ ಶೇ 73.40 ತೋರಿಸಲಾಯಿತು. ಒಂದೇ ಪರೀಕ್ಷೆ ಸಾಲದೆಂದು ವರ್ಷಕ್ಕೆ ಮೂರು ಮಾಡಿದರು. ತೇರ್ಗಡೆಯ ಗೆರೆಯನ್ನು ಶೇ 35ರಿಂದ 33ಕ್ಕೆ ಇಳಿಸಿದರು. ಗೆರೆ ಇಳಿಯುತ್ತಿದೆ, ಇವನು ಇದ್ದಲ್ಲೇ ಇದ್ದಾನೆ. ಇಂದಲ್ಲ ನಾಳೆ ಇಬ್ಬರೂ ಸಂಧಿಸಲೇಬೇಕು. ಆಮೇಲೆ ನೋಡಿ ಇವನ ಓಟ. ಜಲ್ಲಿ, ನಿವೇಶನ, ಎರಡು ಬಾರು, ಒಂದು ಕಲ್ಯಾಣ ಮಂಟಪ. ನಲವತ್ತೆರಡನೆಯ ವಯಸ್ಸಿನಲ್ಲಿ, ನಕ್ಷೆಯಲ್ಲಿ ಹುಡುಕಿದರೂ ಸಿಗದ ಒಂದು ವಿಶ್ವವಿದ್ಯಾಲಯ ಹೋಟೆಲೊಂದರ ಸಭಾಂಗಣಕ್ಕೆ ತಾನಾಗಿಯೇ ಬಂದು ಇವನಿಗೆ ಗೌರವ ಡಾಕ್ಟರೇಟ್ ಕೊಡುತ್ತದೆ. ಗೌನು, ಟೋಪಿ, ಪ್ರಮಾಣಪತ್ರ, ಊಟ, ಛಾಯಾಚಿತ್ರ ಎಲ್ಲ ಸೇರಿ ಒಂದೇ ದರ. ಮರುದಿನದಿಂದ ಹೆಸರಿನ ಹಿಂದೆ ‘ಡಾ.’ ಇಲ್ಲದೆ ಕರೆದರೆ ತಿರುಗಿ ನೋಡುವುದಿಲ್ಲ. ಹತ್ತನೇ ‘ಬಿ’ ವಿಭಾಗ ಕೊನೆಗೂ ನಾಡಿಗೆ ಕೊಡುವ ಡಾಕ್ಟರು ಇವರೊಬ್ಬರೇ. ರಕ್ತದೊತ್ತಡಕ್ಕೆ ಮಾತ್ರೆ ಕೇಳಿಕೊಂಡು ಬಂದ ಅಜ್ಜಿಯೊಬ್ಬರಿಗೆ ನಿವೇಶನ ತೋರಿಸುತ್ತಾರೆ.

ನನಗೆ ನಿಜಕ್ಕೂ ಕನಿಕರ ಹುಟ್ಟಿಸುವವನು ಎನ್‌ಸಿಸಿಯ ಎತ್ತರದ ಹುಡುಗ. ಬೆನ್ನು ನೆಟ್ಟಗೆ, ಬೂಟಿಗೆ ಹೊಳಪು, ಪಿಎಸ್‌ಐ ಆಗುವ ಹಟ. ಯಾರೂ ಅವನಿಗೆ ಆ ಕಥೆ ಹೇಳಿಲ್ಲ: 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ಮರುವರ್ಷ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಅಭ್ಯರ್ಥಿಗಳನ್ನು ಆರಿಸುವುದಕ್ಕಿಂತ, ಆರಿಸುವವರನ್ನು ಹಿಡಿಯುವುದೇ ಬೇಗ ಮುಗಿಯಿತು. ಪೊಲೀಸು ಬೇಡವೆಂದು ಇವನು ಕೆಎಎಸ್ ಕಡೆ ಹೊರಳುತ್ತಾನೆ. ಅಲ್ಲಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ 2024ರ ಆಗಸ್ಟ್‌ನಲ್ಲಿ ಎಷ್ಟು ಕೆಟ್ಟಿತೆಂದರೆ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳಿದ್ದವು. ಕನ್ನಡದ ಪ್ರಶ್ನೆ ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷ್ ಪ್ರಶ್ನೆ ಓದಬೇಕು. ಇಂಗ್ಲಿಷ್ ಅಷ್ಟಾಗಿ ಬಾರದೆಂದೇ ಇವನು ಕನ್ನಡದಲ್ಲಿ ಬರೆಯಲು ಹೋಗಿರುತ್ತಾನೆ. ಬೆಂಗಳೂರಿನ ವಿಜಯನಗರದ ಕೊಠಡಿಯೊಂದರಲ್ಲಿ ಐವರ ಜೊತೆ ಮಲಗಿ, ವಯೋಮಿತಿ ದಾಟುವವರೆಗೆ ಓದುತ್ತಾನೆ. ಸಾಮಾನ್ಯ ಜ್ಞಾನ ಅಪಾರವಾಗಿ ಬೆಳೆಯುತ್ತದೆ, ಮಂಗೋಲಿಯಾದ ರಾಜಧಾನಿಯನ್ನು ನಿದ್ದೆಯಲ್ಲೂ ಹೇಳುತ್ತಾನೆ. ಕೊನೆಗೆ ತುಮಕೂರಿಗೇ ಮರಳಿ, ಭದ್ರಮ್ಮ ವೃತ್ತದ ಹತ್ತಿರ ಒಂದು ಮಹಡಿ ಬಾಡಿಗೆಗೆ ಹಿಡಿದು, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರ ತೆರೆಯುತ್ತಾನೆ. ‘ಹನ್ನೆರಡು ಪರೀಕ್ಷೆಗಳ ಅನುಭವ’ ಎಂದು ಫಲಕದಲ್ಲಿ ಬರೆಸುತ್ತಾನೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸಮಾಜ ವಿಜ್ಞಾನದ ನಕ್ಷೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಅಂದವಾಗಿ ಬಿಡಿಸುವ ಹುಡುಗಿ ಅತಿಥಿ ಶಿಕ್ಷಕಿಯಾಗುತ್ತಾಳೆ. ಶಿಕ್ಷಣ ಇಲಾಖೆ ಮಧುಗಿರಿಯನ್ನು ಆಗಲೇ ಬೇರೆ ಶೈಕ್ಷಣಿಕ ಜಿಲ್ಲೆ ಮಾಡಿಟ್ಟಿದೆ. ಮಧುಗಿರಿಯವರಿಗೆ ಪೂರ್ತಿ ಜಿಲ್ಲೆಯೇ ಬೇಕು, ತಿಪಟೂರಿನವರಿಗೂ ಬೇಕು. ಚುನಾವಣೆಗೊಮ್ಮೆ ಎರಡೂ ಕಡೆ ಭರವಸೆ ಸಿಗುವುದರಿಂದ ಪಾಪ, ಈ ಹುಡುಗಿ ಗಡಿಗಳನ್ನು ಪೆನ್ಸಿಲಿನಲ್ಲೇ ಎಳೆದಿಟ್ಟುಕೊಳ್ಳುತ್ತಾಳೆ. ಗೌರವಧನ ಆರು ತಿಂಗಳಿಗೊಮ್ಮೆ ಬರುತ್ತದೆ. ಅಷ್ಟರಲ್ಲಿ ರಬ್ಬರು ಸವೆದಿರುತ್ತದೆ.

2059ರಲ್ಲಿ ಇವರೆಲ್ಲ ‘ಗುರುವಂದನೆ’ಗೆ ಸೇರುತ್ತಾರೆ. ತಯಾರಿಗೆ ಒಂದು ವಾಟ್ಸ್‌ಆ್ಯಪ್ ಗುಂಪು. ದಿನಕ್ಕೆ ಮುನ್ನೂರು ಶುಭೋದಯ, ನಡುವೆ ಒಂದು ಕೆಲಸದ ಮಾತು. ಗಣಿತದ ಮೇಷ್ಟ್ರಿಗೆ ಹಾರ ಹಾಕುವ ಸರದಿಗಾಗಿ ಡಾಕ್ಟರಿಗೂ ಯುವ ಮುಖಂಡನಿಗೂ ಜಟಾಪಟಿಯಾಗುತ್ತದೆ. ಐವತ್ತರ ಹೊಸ್ತಿಲಲ್ಲಿದ್ದರೂ ಇವನು ಯುವ ಮುಖಂಡನೇ. ಹಾರದ ಭಾರಕ್ಕೆ ಬಾಗಿದ ಮೇಷ್ಟ್ರು ಇಬ್ಬರನ್ನೂ ಗುರುತಿಸುವುದಿಲ್ಲ. ಕಾಗದದ ವಿಮಾನದವನನ್ನು ಮಾತ್ರ ಗುರುತಿಸಿ ಇಡ್ಲಿ ಚೆನ್ನಾಗಿದೆ ಎನ್ನುತ್ತಾರೆ. ಸಮಾರಂಭ ಮುಗಿದ ಮೂರನೆಯ ದಿನ, ತಲಾ ಐದು ಸಾವಿರದಂತೆ ವಂತಿಗೆ ಎತ್ತಿದ್ದರಲ್ಲಿ ಉಳಿದದ್ದೆಷ್ಟು ಎಂದು 619ರ ಹುಡುಗಿ ಗುಂಪಿನಲ್ಲಿ ಕೇಳುತ್ತಾಳೆ. ಯುವ ಮುಖಂಡ ಅವಳನ್ನು ಗುಂಪಿನಿಂದ ತೆಗೆದುಹಾಕುತ್ತಾನೆ.