ಕತ್ತಲಲ್ಲಿಟ್ಟರೆ ಮೀನಿನ ಕಣ್ಣು ಕರಗುತ್ತದೆಯೇ?

‘ಬಳಸದ ಕಣ್ಣು ಮಾಯವಾಗುತ್ತದೆ, ಗುಹೆಯ ಮೀನೇ ಸಾಕ್ಷಿ’ ಎಂಬ ಸಂದೇಶ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತದೆ. ಮೀನು ನಿಜ, ಕಾರಣ ತಪ್ಪು.

ಮೆಕ್ಸಿಕೊದ ಗುಹೆಗಳ ಅಸ್ಟಿಯಾನಾಕ್ಸ್ ಮೀನಿನ ಭ್ರೂಣದಲ್ಲಿ ಮೊದಲು ಕಣ್ಣು ಮೂಡುತ್ತದೆ. ಮೊಟ್ಟೆ ಫಲಿತವಾದ ಸುಮಾರು ಒಂದು ದಿನದ ಬಳಿಕ ಮಸೂರದ ಜೀವಕೋಶಗಳು ಸಾಯತೊಡಗಿ, ಕಣ್ಣು ಕುಗ್ಗಿ ಚರ್ಮದಡಿ ಹುದುಗುತ್ತದೆ. ಹೊಳೆಯಲ್ಲಿರುವ ಇದೇ ಜಾತಿಯ ಮೀನಿನ ಮಸೂರವನ್ನು ಆ ಭ್ರೂಣಕ್ಕೆ ಕಸಿ ಮಾಡಿದಾಗ ಕಣ್ಣು ಬೆಳೆಯಿತು. 2000ರಲ್ಲಿ ಪ್ರಕಟವಾದ ಪ್ರಯೋಗವಿದು. ಬದಲಾವಣೆ ಇರುವುದು ವಂಶವಾಹಿಗಳಲ್ಲಿ. ಕತ್ತಲು ಅವನ್ನು ತಿದ್ದಲಿಲ್ಲ, ತಾನಾಗಿ ಹುಟ್ಟಿದ ಬದಲಾವಣೆಗಳನ್ನು ಉಳಿಯಗೊಟ್ಟಿತು ಅಷ್ಟೇ. ಕಣ್ಣು ಸಾಕುವುದೂ ದುಬಾರಿ: ಒಂದು ಗ್ರಾಂ ತೂಕದ ಮೀನಿನಲ್ಲಿ ನೋಟಕ್ಕೆ ಹೋಗುವುದು ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿಯ ಸುಮಾರು ಶೇ 15. ಆಹಾರ ಕಡಿಮೆಯಿರುವ ಗುಹೆಯಲ್ಲಿ ಇದು ಸಣ್ಣ ಉಳಿತಾಯವಲ್ಲ.

ನೀವೇ ಪರೀಕ್ಷಿಸಬಹುದು. ಅಕ್ವೇರಿಯಂ ಅಂಗಡಿಗಳಲ್ಲಿ ಕುರುಡು ಗುಹೆಮೀನು ಸಿಗುವುದುಂಟು. ತಲೆಮಾರುಗಳಿಂದ ದೀಪದಡಿಯೇ ಸಾಕಿದರೂ ಅದರ ಮರಿಗಳಿಗೆ ಕಣ್ಣು ಮರಳಿಲ್ಲ. ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಸಾಕು: ಬದಲಾವಣೆ ಒಂದೇ ಜೀವಿಯ ಬದುಕಿನಲ್ಲಾಯಿತೇ, ತಲೆಮಾರುಗಳಲ್ಲೇ? ಪರಿಸ್ಥಿತಿಯನ್ನು ತಿರುವುಮುರುವು ಮಾಡಿ ನೋಡಿದ್ದಾರೆಯೇ? ಜೀವಿಯ ವೈಜ್ಞಾನಿಕ ಹೆಸರೇ ಇಲ್ಲದಿದ್ದರೆ ಮೊದಲು ಅದನ್ನು ಹುಡುಕಿ. ಉಳಿದದ್ದು ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.